ಸೋಪಿನ ಬಗ್ಗೆ ನಿಮ್ಮ ಪ್ರಶ್ನೆಗಳು: ಯಾವುದಕ್ಕೆ ಹೆದರ್ಬೇಕು, ಯಾವುದಕ್ಕೆ ಬೇಡ

ಈ ಸಲ ಬಂದ ಪ್ರಶ್ನೆಗಳಲ್ಲಿ ಸೋಪಿಂದೇ ಜಾಸ್ತಿ ಇತ್ತು, ಅದಕ್ಕೆ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಈ ಕಂತು ಪೂರ್ತಿ ಅದಕ್ಕೇ ಕೊಟ್ಟಿದೀವಿ.

ಪ್ರಶ್ನೆ: ಮೇಡಂ, ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ಮೆಸೇಜ್ ಬಂದಿದೆ. ಸೋಪಲ್ಲಿ ಎಸ್‌ಎಲ್‌ಎಸ್, ಪ್ಯಾರಬೆನ್, ಟ್ರೈಕ್ಲೋಸಾನ್, ಕಾಸ್ಟಿಕ್ ಸೋಡಾ ಎಲ್ಲಾ ಇರುತ್ತೆ, ದಿನಾ ಹಚ್ಕೊಂಡ್ರೆ ಕ್ಯಾನ್ಸರ್ ಗ್ಯಾರಂಟಿ ಅಂತ. ನಮ್ಮ ಯಜಮಾನ್ರು ಮನೇಲಿರೋ ಸೋಪೆಲ್ಲ ಬಿಸಾಕಿಬಿಡು ಅಂತಿದಾರೆ. ಎಷ್ಟು ನಿಜ?
— ಗೃಹಿಣಿ, ತುಮಕೂರು

ಉತ್ತರ: ಬಿಸಾಕ್ಬೇಡಿ, ಮೊದ್ಲು ರ್‍ಯಾಪರ್ ತೆಗೆದು ಓದಿ. ಈ ಮೆಸೇಜಿನ ತೊಂದರೆ ಏನಂದ್ರೆ ನಾಲ್ಕು ಬೇರೆ ಬೇರೆ ವಿಷಯಾನ ಒಂದೇ ಉಸಿರಲ್ಲಿ ಹೇಳಿಬಿಟ್ಟಿದೆ, ಅದ್ರಲ್ಲಿ ಒಂದು ನಿಜವಾದ ದೂರು, ಎರಡು ಅರ್ಧ ನಿಜ, ಇನ್ನೊಂದು ಸುಳ್ಳೇ.

ಸುಳ್ಳು ಯಾವುದು ಅಂದ್ರೆ ಕಾಸ್ಟಿಕ್ ಸೋಡಾ. ಸೋಪು ಮಾಡೋದೇ ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸಿ, ಎರಡೂ ಸೇರಿ ಸೋಪು ಮತ್ತೆ ಗ್ಲಿಸರಿನ್ ಆಗ್ತವೆ, ಸರಿಯಾಗಿ ಮಾಡಿದ ಸೋಪಲ್ಲಿ ಕೊನೆಗೆ ಕಾಸ್ಟಿಕ್ ಉಳಿದಿರಲ್ಲ. ರ್‍ಯಾಪರ್ ಮೇಲೆ ಸೋಡಿಯಂ ಪಾಮೇಟ್ ಅಂತ ಇದ್ರೆ ಅದು ಪಾಮ್ ಎಣ್ಣೆಯಿಂದ ಆದ ಸೋಪು ಅಂತ ಅಷ್ಟೇ, ಹೆಸರು ನೋಡಿ ಗಾಬರಿ ಆಗೋ ಅಗತ್ಯ ಇಲ್ಲ.

ಎಸ್‌ಎಲ್‌ಎಸ್, ಅಂದ್ರೆ ಸೋಡಿಯಂ ಲಾರಿಲ್ ಸಲ್ಫೇಟ್, ಸಾಮಾನ್ಯವಾಗಿ ಶಾಂಪೂ, ಫೇಸ್‌ವಾಶ್, ಟೂತ್‌ಪೇಸ್ಟಲ್ಲಿ ಇರುತ್ತೆ, ಎಣ್ಣೆಯಿಂದ ಮಾಡಿದ ಮಾಮೂಲಿ ಸೋಪಲ್ಲಿ ಅದರ ಕೆಲಸ ಇಲ್ಲ. ಅದರಿಂದ ಕ್ಯಾನ್ಸರ್ ಬರುತ್ತೆ ಅನ್ನೋದಕ್ಕೆ ಆಧಾರ ಇಲ್ಲ, ಆದ್ರೆ ಚರ್ಮ ಒಣಗಿಸೋದು, ಕೆರಳಿಸೋದು ಮಾತ್ರ ನಿಜ, ಇಸುಬು ಇರೋರಿಗೆ ಅದು ಸರಿಹೋಗಲ್ಲ. ಅದರದೇ ತಂಗಿ ಎಸ್‌ಎಲ್‌ಇಎಸ್ (ಸೋಡಿಯಂ ಲಾರೆತ್ ಸಲ್ಫೇಟ್) ಸ್ವಲ್ಪ ಮೃದು, ಆದ್ರೆ ತಯಾರಿಸುವಾಗ 1,4-ಡೈಆಕ್ಸೇನ್ ಅನ್ನೋ ಕಲ್ಮಶ ಒಂಚೂರು ಉಳ್ಕೊಳ್ಳಬಹುದು. ಅದನ್ನ ಮನುಷ್ಯರಿಗೆ ಕ್ಯಾನ್ಸರ್ ತರೋ ಸಾಧ್ಯತೆ ಇರೋ ವಸ್ತುಗಳ ಪಟ್ಟಿಗೆ ಸೇರಿಸಿದಾರೆ. ಅದಕ್ಕೇ ಅಮೆರಿಕದ ನ್ಯೂಯಾರ್ಕ್ ರಾಜ್ಯ 2022ರ ಕೊನೆಯಿಂದ ಅದಕ್ಕೆ ಬಿಗಿ ಮಿತಿ ಹಾಕಿದೆ. ತಯಾರಕರು ಮನಸ್ಸು ಮಾಡಿದ್ರೆ ಇದನ್ನ ತೆಗೀಬಹುದು, ನಮ್ಮಲ್ಲೂ ಇಂಥ ಒತ್ತಡ ಬರ್ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಪ್ಯಾರಬೆನ್ ಅನ್ನೋದು ಕೆಡದ ಹಾಗೆ ಹಾಕೋ ಪ್ರಿಸರ್ವೇಟಿವ್, ನೀರಿನಂಶ ಇರೋ ಲೋಷನ್, ಬಾಡಿವಾಶಲ್ಲಿ ಅದು ಬೇಕಾಗುತ್ತೆ, ಬಾರ್ ಸೋಪಲ್ಲಿ ಅಪರೂಪ. 2004ರಲ್ಲಿ ಬ್ರಿಟನ್ನಿನಲ್ಲಿ ಸ್ತನ ಕ್ಯಾನ್ಸರ್ ಗಡ್ಡೆಗಳಲ್ಲಿ ಪ್ಯಾರಬೆನ್ ಸಿಕ್ತು ಅಂತ ಸುದ್ದಿ ಆಗಿ ಅಲ್ಲಿಂದ ಹೆದರಿಕೆ ಶುರುವಾಯ್ತು. ಅಲ್ಲಿ ಇತ್ತು ಅನ್ನೋದು ಬೇರೆ, ಅದರಿಂದಾನೇ ಗಡ್ಡೆ ಆಯ್ತು ಅನ್ನೋದು ಬೇರೆ, ಆ ಅಧ್ಯಯನ ಎರಡನೇದನ್ನ ತೋರಿಸಿರಲಿಲ್ಲ. ಆದ್ರೂ ಯುರೋಪ್ ಒಕ್ಕೂಟ 2014ರಲ್ಲಿ ಐದು ಬಗೆ ಪ್ಯಾರಬೆನ್ ನಿಷೇಧ ಮಾಡ್ತು, ಮೀಥೈಲ್, ಈಥೈಲ್ ಪ್ಯಾರಬೆನ್ ಮಿತಿಯೊಳಗೆ ಬಿಟ್ಟಿದೆ. ಇಲ್ಲೊಂದು ಮಾತು ಸೇರಿಸ್ತೀನಿ: ಪ್ಯಾರಬೆನ್ ಫ್ರೀ ಅಂತ ಹಾಕೋಕೆ ಹೋಗಿ ಎಷ್ಟೋ ಕಂಪನಿಗಳು ಮೀಥೈಲ್‌ಐಸೋಥಯಜೋಲಿನೋನ್ ಅನ್ನೋ ಬೇರೆ ಪ್ರಿಸರ್ವೇಟಿವನ್ನ ತುಂಬಿದ್ವು, ಅದರಿಂದ ಅಲರ್ಜಿ ಎಷ್ಟು ಜಾಸ್ತಿ ಆಯ್ತು ಅಂದ್ರೆ ಅಮೆರಿಕದ ಚರ್ಮದ ಅಲರ್ಜಿ ತಜ್ಞರ ಸಂಘ 2013ರಲ್ಲಿ ಅದನ್ನೇ ವರ್ಷದ ಅಲರ್ಜಿಕಾರಕ ಅಂತ ಸಾರ್ತು. ಹ್ಯಾಂಡ್‌ವಾಶ್, ಬಾಡಿವಾಶ್ ತಗೊಂಡ್ರೆ ಈ ಹೆಸರು ಇದೆಯಾ ನೋಡ್ಕೊಳ್ಳಿ.

ಇನ್ನು ನಿಜವಾದ ದೂರು ಟ್ರೈಕ್ಲೋಸಾನ್ ಮೇಲೆ. ಕೀಟಾಣು ಕೊಲ್ಲುತ್ತೆ ಅಂತ ಹೇಳ್ಕೊಂಡು ವರ್ಷಗಟ್ಟಲೆ ಇದನ್ನ ಮಾರಿದ್ರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಂಪನಿಗಳಿಗೆ ಕೇಳಿದ್ದು ಇಷ್ಟೇ, ಬರೀ ಸೋಪು ನೀರಿಗಿಂತ ಇದು ಒಳ್ಳೇದು ಮತ್ತೆ ದಿನಾ ಬಳಸಿದ್ರೂ ಅಪಾಯ ಇಲ್ಲ ಅಂತ ತೋರಿಸಿ ಅಂತ. ತೋರಿಸೋಕೆ ಆಗ್ಲಿಲ್ಲ. 2016ರ ಸೆಪ್ಟೆಂಬರಲ್ಲಿ ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬಾನ್ ಸೇರಿ ಒಟ್ಟು 19 ವಸ್ತುಗಳನ್ನ ಜನ ಬಳಸೋ ಆ್ಯಂಟಿಬ್ಯಾಕ್ಟೀರಿಯಲ್ ಸೋಪು, ವಾಶ್‌ಗಳಿಂದ ತೆಗೆಸಿದ್ರು. ಅದಕ್ಕೂ ಮುಂಚೆ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಟೆಸ್ಟ್ ಮಾಡಿದಾಗ ನಾಲ್ಕರಲ್ಲಿ ಮೂರು ಜನರ ಮೂತ್ರದಲ್ಲಿ ಟ್ರೈಕ್ಲೋಸಾನ್ ಸಿಕ್ಕಿತ್ತು, ಅಂದ್ರೆ ತೊಳ್ಕೊಂಡು ಹೋಗುತ್ತಲ್ಲ ಅನ್ನೋ ಸಮಾಧಾನ ಪೂರ್ತಿ ಸರಿಯಲ್ಲ. ಆರೋಗ್ಯವಂತರಿರೋ ಮನೆಗೆ ಆ್ಯಂಟಿಬ್ಯಾಕ್ಟೀರಿಯಲ್ ಸೋಪು ಬೇಕಾಗಿಲ್ಲ, ಯಾವ ಸೋಪಾದ್ರೂ ಸರಿ 20 ಸೆಕೆಂಡ್ ಉಜ್ಜಿ ಕೈ ತೊಳೀರಿ.

ಪ್ರಶ್ನೆ: ನಮಸ್ಕಾರ್ರಿ. ನಮ್ಮ ಕೂಸಿಗೆ ಈಗ ಐದ ತಿಂಗಳ. ನಮ್ಮತ್ತಿ ಕಡ್ಲಿ ಹಿಟ್ಟ, ಅರಿಷಿಣ ಹಾಲಾಗ ಕಲಿಸಿ ತಿಕ್ಕಿ ಎರೀಬೇಕ, ಸೋಪ್ ಹಚ್ಚಬಾರದು ಅಂತಾರ. ನಮ್ಮಕ್ಕ ಬೇಬಿ ಸೋಪ ಛಲೋ ಅಂತಾಳ. ಯಾರ ಮಾತ ಕೇಳೂಣ್ರಿ?
— ಹುಬ್ಬಳ್ಳಿಯಿಂದ ಒಬ್ಬ ತಾಯಿ

ಉತ್ತರ: ಇಬ್ಬರ ಮಾತಲ್ಲೂ ಸ್ವಲ್ಪ ಸ್ವಲ್ಪ ತಗೊಳ್ಳಿ. ಸೋಪು ಜಾಸ್ತಿ ಬೇಡ ಅಂತ ಅತ್ತೆಯವರು ಹೇಳೋದು ಸರಿ. ಎಣ್ಣೆ ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ) 9ರಿಂದ 10, ಚರ್ಮದ್ದು 5ರ ಆಸುಪಾಸು, ಮಗುವಿನ ಚರ್ಮ ಇನ್ನೂ ತೆಳು, ದಿನಾ ಮೈತುಂಬಾ ಸೋಪು ಹಚ್ಚಿದ್ರೆ ಒಣಗುತ್ತೆ. ಐದು ತಿಂಗಳ ಮಗು ಎಲ್ಲಿ ಕೊಳೆ ಮಾಡ್ಕೊಳ್ಳುತ್ತೆ ಹೇಳಿ, ಬರೀ ಉಗುರುಬೆಚ್ಚಗಿನ ನೀರೇ ಎಷ್ಟೋ ದಿನ ಸಾಕು, ಕತ್ತಿನ ಸಂದಿ, ತೊಡೆಸಂದಿ, ಡೈಪರ್ ಜಾಗಕ್ಕೆ ಮಾತ್ರ ವಾಸನೆ ಇಲ್ಲದ ಮೃದು ಸೋಪು ಸ್ವಲ್ಪ ಹಚ್ಚಿ ತೊಳೀರಿ.

ಆದ್ರೆ ಕಡಲೆ ಹಿಟ್ಟು ಹಾಕಿ ತಿಕ್ಕೋದು ಬೇಡ. ಹಿಟ್ಟಿನ ತರಿ ಎಳೇ ಚರ್ಮಾನ ಗೀರುತ್ತೆ, ಸಂದಿಯಲ್ಲಿ ಉಳಿದ್ರೆ ಹುಳಿ ಬರುತ್ತೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ತಿನ್ನೋ ಪದಾರ್ಥ ಹೊಟ್ಟೆಗೆ ಹೋಗೋ ಮುಂಚೆ ಗೀರು ಬಿದ್ದ ಚರ್ಮದ ಮೂಲಕ ಒಳಗೆ ಹೋದ್ರೆ ದೇಹ ಅದನ್ನ ಶತ್ರು ಅಂದ್ಕೊಂಡು ಅಲರ್ಜಿ ಬೆಳೆಸ್ಕೊಳ್ಳೋ ಸಾಧ್ಯತೆ ಇದೆ. ಜಪಾನಲ್ಲಿ ಇದು ದೊಡ್ಡೋರಲ್ಲೇ ಆಯ್ತು. ಗೋಧಿಯಿಂದ ತೆಗೆದ ಪ್ರೋಟೀನ್ ಹಾಕಿದ ಮುಖದ ಸೋಪು ಅಲ್ಲಿ ತುಂಬಾ ಓಡ್ತಿತ್ತು, ಅದನ್ನ ಬಳಸಿದವರಲ್ಲಿ 2000ಕ್ಕೂ ಹೆಚ್ಚು ಜನಕ್ಕೆ ಗೋಧಿ ಅಲರ್ಜಿ ಆಯ್ತು, ಅಲ್ಲೀತನಕ ಬ್ರೆಡ್, ನೂಡಲ್ಸ್ ಆರಾಮಾಗಿ ತಿಂತಿದ್ದೋರು ತಿಂದ ಮೇಲೆ ಮೈಯೆಲ್ಲ ದದ್ದು ಎದ್ದು ಉಸಿರಾಡೋಕೆ ಕಷ್ಟಪಟ್ಟು ಆಸ್ಪತ್ರೆ ಸೇರಿದ್ರು, 2011ರಲ್ಲಿ ಆ ಸೋಪನ್ನ ಮಾರ್ಕೆಟ್ಟಿಂದ ವಾಪಸ್ ತಗೊಂಡ್ರು. ಅದು ಗೋಧಿ ರೀ, ಯಾವ ವಿಷಾನೂ ಅಲ್ಲ. ಕಡಲೆ, ಹಾಲು ಎರಡೂ ಮಗು ಮುಂದೆ ತಿನ್ನಬೇಕಾದ ವಸ್ತುಗಳು, ಬಾಯಿಂದಾನೇ ಮೊದಲ ಪರಿಚಯ ಆಗಲಿ. ಅತ್ತೆಯವರಿಗೆ ಬೇಜಾರಾಗದ ಹಾಗೆ ಕೊಬ್ಬರಿ ಎಣ್ಣೆ ಹಚ್ಚಿ ಮಸಾಜ್ ಮಾಡೋ ಕೆಲಸ ಅವರಿಗೇ ಬಿಡಿ, ಆ ಕೈಗಳಿಗೆ ಆ ಕಲೆ ಚೆನ್ನಾಗಿ ಗೊತ್ತಿರುತ್ತೆ, ಮಗೂಗೂ ಹಿತ.

ಪ್ರಶ್ನೆ: ನನ್ನ ಅಣ್ಣ ಗಲ್ಫಿಂದ ಬರ್ತಾ ಬೆಳ್ಳಗಾಗೋ ಸೋಪು, ಕ್ರೀಮು ತಂದುಕೊಟ್ಟಿದಾನೆ. ಎರಡೇ ವಾರದಲ್ಲಿ ಮುಖ ತಿಳಿಯಾಗಿದೆ, ಮದುವೆ ಹತ್ರ ಇದೆ, ಕಂಟಿನ್ಯೂ ಮಾಡ್ಲಾ? ರ್‍ಯಾಪರಲ್ಲಿ ಇಂಗ್ರೀಡಿಯೆಂಟ್ಸೇ ಇಲ್ಲ.
— ಹೆಸರು ಬೇಡ, ಮಂಗಳೂರು

ಉತ್ತರ: ದಯವಿಟ್ಟು ಇವತ್ತೇ ನಿಲ್ಸಿ. ಈ ಕಂತಿನಲ್ಲಿ ನಾನು ಹೆದರಿ ಅಂತ ಹೇಳೋದು ಇದೊಂದಕ್ಕೇ.

ಎರಡೇ ವಾರದಲ್ಲಿ ಬಣ್ಣ ತಿಳಿಯಾಗಿದೆ ಅಂದ್ರೆ ಮೊದಲ ಅನುಮಾನ ಪಾದರಸ. ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ತಯಾರಾಗೋದನ್ನ ಅದು ತಡೆಯುತ್ತೆ, ಅದಕ್ಕೇ ಬೇಗ ಬೆಳ್ಳಗೆ ಕಾಣುತ್ತೆ. ಜೊತೆಗೆ ಚರ್ಮದ ಮೂಲಕ ರಕ್ತಕ್ಕೆ ಹೋಗಿ ಕಿಡ್ನಿ ಹಾಳು ಮಾಡುತ್ತೆ, ನರಗಳಿಗೂ ಹೊಡೆತ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ಇಂಥ ಸೋಪುಗಳಲ್ಲಿ ಮರ್ಕ್ಯುರಿ ಅಯೋಡೈಡ್ 1ರಿಂದ 3 ಪರ್ಸೆಂಟ್ ತನಕ ಇರುತ್ತೆ. ಪಾದರಸದ ಬಳಕೆ ತಡೆಯೋಕೆ ದೇಶಗಳು ಮಾಡ್ಕೊಂಡಿರೋ ಮಿನಮಾಟಾ ಒಪ್ಪಂದದ ಪ್ರಕಾರ 2020ರ ನಂತರ ಇಂಥವನ್ನ ತಯಾರು ಮಾಡೋದು, ದೇಶದಿಂದ ದೇಶಕ್ಕೆ ಮಾರೋದು ನಿಲ್ಲಬೇಕಿತ್ತು, ಭಾರತವೂ ಅದಕ್ಕೆ 2018ರಲ್ಲೇ ಒಪ್ಪಿಕೊಂಡಿದೆ, ನಮ್ಮ 2020ರ ಕಾಸ್ಮೆಟಿಕ್ಸ್ ರೂಲ್ಸಲ್ಲೂ ಪಾದರಸ ಹಾಕಂಗಿಲ್ಲ. ಆದ್ರೂ ಲೇಬಲ್ ಇಲ್ಲದೆ, ಲಗೇಜಲ್ಲಿ, ಆನ್‌ಲೈನಲ್ಲಿ ಬರ್ತಾನೇ ಇವೆ. ನಿಮ್ಮ ಪಕ್ಕದ ಕೇರಳದಲ್ಲೇ, ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನ ಡಾಕ್ಟರ್‌ಗಳು 2023ರಲ್ಲಿ ಗಮನಿಸಿದ್ರು, ಕಿಡ್ನಿ ಸೋರಿ ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದ್ದ ಹಲವರು ಬೆಳ್ಳಗಾಗೋ ಕ್ರೀಮ್ ಬಳಸಿದೋರೇ ಆಗಿದ್ರು.

ಇಂಥವನ್ನ ಗುರುತಿಸೋಕೆ ಒಂದು ಸುಳಿವು ಇದೆ: ಬೆಳ್ಳಿ, ಬಂಗಾರ, ಅಲ್ಯೂಮಿನಿಯಂ, ರಬ್ಬರ್‌ಗೆ ತಾಗಿಸಬೇಡಿ ಅಂತ ಪ್ಯಾಕ್ ಮೇಲೆ ಬರ್ದಿದ್ರೆ ಒಳಗೆ ಪಾದರಸ ಇರೋ ಸಾಧ್ಯತೆ ಜಾಸ್ತಿ. ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಅಮೋನಿಯೇಟೆಡ್ ಮರ್ಕ್ಯುರಿ, ಇವೆಲ್ಲ ಅದೇ. ಕ್ರೀಮಲ್ಲಿ ಸ್ಟೀರಾಯ್ಡ್ ಕೂಡ ಇರಬಹುದು, ಅದು ನಿಲ್ಸಿದ ಮೇಲೆ ಮುಖ ಕೆಂಪಾಗಿ ಉರಿಯಬಹುದು, ಆಗ ಮತ್ತೆ ಅದನ್ನೇ ಹಚ್ಕೊಳ್ಳೋಕೆ ಹೋಗ್ಬೇಡಿ, ಚರ್ಮದ ಡಾಕ್ಟರಿಗೆ ಆ ಪ್ಯಾಕ್ ಸಮೇತ ತೋರಿಸಿ. ರಕ್ತ, ಮೂತ್ರದಲ್ಲಿ ಪಾದರಸದ ಟೆಸ್ಟ್ ಮಾಡಿಸ್ಬಹುದು, ಮೂತ್ರದಲ್ಲಿ ಪ್ರೋಟೀನ್ ಟೆಸ್ಟ್ ಅಂತೂ ಎಲ್ಲಾ ಲ್ಯಾಬಲ್ಲೂ ಇದೆ. ಕಾಲು ಊದ್ಕೊಂಡಿದ್ರೆ, ಮೂತ್ರದಲ್ಲಿ ನೊರೆ ಬರ್ತಿದ್ರೆ ನಾಳೆಗೆ ಮುಂದೂಡ್ಬೇಡಿ. ಟವೆಲ್, ದಿಂಬಿನ ಕವರ್ ಬೇರೆ ಮಾಡಿ, ಮನೇಲಿ ಮಕ್ಕಳಿದ್ರೆ ಅವರಿಗೂ ಇದು ಅಂಟುತ್ತೆ. ಉಳಿದಿದ್ದನ್ನ ಬಚ್ಚಲಲ್ಲಿ ಕರಗಿಸ್ಬೇಡಿ, ಗಟ್ಟಿಯಾಗಿ ಕವರಲ್ಲಿ ಕಟ್ಟಿಡಿ.

ನಿಮ್ಮ ಮೈಬಣ್ಣದಲ್ಲಿ ಯಾವ ಕೊರತೆನೂ ಇಲ್ಲಮ್ಮ. ಅಣ್ಣನ ಮೇಲೆ ಕೋಪ ಮಾಡ್ಕೋಬೇಡಿ, ಪ್ರೀತಿಯಿಂದಾನೇ ತಂದಿರ್ತಾರೆ, ಆದ್ರೆ ಇನ್ಯಾರಿಗೆಲ್ಲ ಕೊಟ್ಟಿದಾರೆ ಅಂತ ಕೇಳಿ ಅವರಿಗೂ ತಿಳಿಸಿ.

ಪ್ರಶ್ನೆ: ಸೋಪಿನ ಮೇಲೆ ಟಿಎಫ್‌ಎಂ 76% ಅಂತ ಇರುತ್ತಲ್ಲ ಏನದು? ನಮ್ಮೂರಲ್ಲಿ ಬೋರ್‌ವೆಲ್ ನೀರು, ಯಾವ ಸೋಪು ಹಚ್ಚಿದ್ರೂ ನೊರೆ ಬರಲ್ಲ, ಮೈ ಬಿಳಿ ಬಿಳಿ ಒಡೆಯುತ್ತೆ.
— ರೈತರು, ಚಿಂತಾಮಣಿ

ಉತ್ತರ: ಟಿಎಫ್‌ಎಂ ಅಂದ್ರೆ ಆ ಬಾರಲ್ಲಿ ಎಣ್ಣೆ-ಕೊಬ್ಬಿನ ನಿಜವಾದ ಅಂಶ ಎಷ್ಟು ಅಂತ. ಐಎಸ್‌ಐ ಪ್ರಕಾರ ಟಾಯ್ಲೆಟ್ ಸೋಪಲ್ಲಿ ಮೊದಲ ಗ್ರೇಡಿಗೆ ಕನಿಷ್ಠ 76, ಎರಡನೇದಕ್ಕೆ 70, ಮೂರನೇದಕ್ಕೆ 60. ಬೇದಿಂಗ್ ಬಾರ್ ಅಂತ ಸಣ್ಣ ಅಕ್ಷರದಲ್ಲಿ ಇದ್ರೆ ಅದು ಬೇರೆ ಲೆಕ್ಕ, 40 ಇದ್ರೂ ನಡೆಯುತ್ತೆ. ದುಡ್ಡು ಕೊಡೋ ಮುಂಚೆ ನೋಡಬೇಕಾದ್ದು ಇದು, ಮುಂದಿರೋ ಹೂವು ಹಣ್ಣಿನ ಚಿತ್ರ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಶುರುವಾದ ನಮ್ಮ ಸರ್ಕಾರಿ ಗಂಧದ ಸೋಪು ಇವತ್ತಿಗೂ ಮೊದಲ ಗ್ರೇಡೇ ಅನ್ನೋದು ನಾವೆಲ್ಲ ಹೆಮ್ಮೆಪಡೋ ವಿಷಯ, ಆದ್ರೆ ಸುಗಂಧಕ್ಕೆ ಅಲರ್ಜಿ ಇರೋರಿಗೆ ಗಂಧವೂ ಆಗದೇ ಇರಬಹುದು.

ನಿಮ್ಮ ತೊಂದರೆ ಸೋಪಿಂದಲ್ಲ, ನೀರಿಂದು. ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತೆ, ಅವು ಸೋಪಿನ ಜೊತೆ ಸೇರಿ ಬಕೆಟ್ಟಿಗೆ ಅಂಟೋ ಬಿಳಿ ಜಿಡ್ಡು ಆಗುತ್ತಲ್ಲ, ಅದೇ ಮೈ ಮೇಲೂ ಕೂರುತ್ತೆ. ನೊರೆ ಬರ್ಲಿಲ್ಲ ಅಂತ ಇನ್ನೂ ಉಜ್ಜಿದ್ರೆ ಇನ್ನೂ ಜಿಡ್ಡು. ಮಳೆನೀರು ಹಿಡಿದಿಟ್ಕೊಂಡು ಕೊನೆ ಎರಡು ಚೊಂಬಾದ್ರೂ ಅದನ್ನ ಹುಯ್ಕೊಳ್ಳಿ, ಇಲ್ಲಾಂದ್ರೆ ಮೆಡಿಕಲ್ ಶಾಪಲ್ಲಿ ಸಿಂಡೆಟ್ ಬಾರ್ (ಎಣ್ಣೆ ಸೋಪಲ್ಲದ, ಮೃದು ಡಿಟರ್ಜೆಂಟಿಂದ ಮಾಡಿದ ಬಾರ್) ಕೇಳಿ, ಅದು ಗಡಸು ನೀರಲ್ಲೂ ಜಿಡ್ಡು ಕಟ್ಟಲ್ಲ. ಸ್ನಾನ ಆಗಿ ಮೈ ಇನ್ನೂ ಹಸಿ ಇರುವಾಗ್ಲೇ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ.

ಪ್ರಶ್ನೆ: ನಮ್ಮಲ್ಲಿ ತೆಂಗಿನೆಣ್ಣೆ ಬೇಕಾದಷ್ಟಿದೆ, ಕಾಸ್ಟಿಕ್ ಇಲ್ದೆ ಮನೇಲೇ ಸೋಪು ಮಾಡಬಹುದಾ? ಸೀಗೆಕಾಯಿ, ಅಂಟುವಾಳ ಮೈಗೆ ಬಳಸ್ಬಹುದಾ?
— ಶಿರಸಿ

ಉತ್ತರ: ಕ್ಷಾರ, ಅಂದ್ರೆ ಕಾಸ್ಟಿಕ್‌ನಂಥದ್ದು ಇಲ್ದೆ ಸೋಪು ಆಗಲ್ಲ. ಅಂಗಡೀಲಿ ಸಿಗೋ ಕರಗಿಸಿ ಅಚ್ಚಿಗೆ ಹಾಕೋ ಬೇಸಲ್ಲೂ ಯಾರೋ ಆ ಕೆಲಸ ಮೊದಲೇ ಮಾಡಿರ್ತಾರೆ. ನೀವೇ ಮಾಡ್ತೀರಾದ್ರೆ ಒಂದು ಕೆಜಿ ತೆಂಗಿನೆಣ್ಣೆಗೆ ಸುಮಾರು 180 ಗ್ರಾಂ ಕಾಸ್ಟಿಕ್ ಹಿಡಿಯುತ್ತೆ, ಅದಕ್ಕಿಂತ ಸ್ವಲ್ಪ ಕಮ್ಮೀನೇ ಹಾಕಿ, ಒಂದಿಷ್ಟು ಎಣ್ಣೆ ಹಾಗೇ ಉಳಿದ್ರೆ ಚರ್ಮಕ್ಕೆ ಒಳ್ಳೇದು. ಕೈಯಂದಾಜಲ್ಲಿ ಬೇಡ್ವೇ ಬೇಡ, ಡಿಜಿಟಲ್ ತಕ್ಕಡೀಲೇ ತೂಗಿ. ಕಾಸ್ಟಿಕ್ಕನ್ನ ನೀರಿಗೆ ಹಾಕ್ಬೇಕು, ಕಾಸ್ಟಿಕ್ ಮೇಲೆ ನೀರು ಹುಯ್ದ್ರೆ ಸಿಡಿಯುತ್ತೆ. ಅಲ್ಯೂಮಿನಿಯಂ ಪಾತ್ರೆ ಮುಟ್ಲೇಬೇಡಿ, ಅದನ್ನ ತಿಂದುಹಾಕಿ ಗ್ಯಾಸ್ ಬರುತ್ತೆ, ಸ್ಟೀಲ್ ಸರಿ. ಗ್ಲೌಸ್, ಕನ್ನಡಕ ಹಾಕ್ಕೊಂಡು, ಕಿಟಕಿ ತೆಗೆದು, ಮಕ್ಕಳು ಸ್ಕೂಲಿಗೆ ಹೋದಾಗ ಮಾಡಿ. ಬಾರ್ ಕತ್ತರಿಸಿ ನಾಲ್ಕರಿಂದ ಆರು ವಾರ ಒಣಗಲಿ. ಬರೀ ತೆಂಗಿನೆಣ್ಣೆ ಸೋಪು ನೊರೆ ಚೆನ್ನಾಗಿ ಬಂದ್ರೂ ಚರ್ಮ ಒಣಗಿಸುತ್ತೆ, ಹರಳೆಣ್ಣೆ ಸ್ವಲ್ಪ ಸೇರಿಸಿದ್ರೆ ವಾಸಿ, ಆದ್ರೆ ಎಣ್ಣೆ ಬದಲಾದ್ರೆ ಕಾಸ್ಟಿಕ್ ಲೆಕ್ಕಾನೂ ಬದಲಾಗುತ್ತೆ.

ಸೀಗೆ, ಅಂಟುವಾಳದಲ್ಲಿ ಸಪೋನಿನ್ ಅನ್ನೋ ನೊರೆ ಬರಿಸೋ ಅಂಶ ಇದೆ, ಎಣ್ಣೆ ಸ್ನಾನದ ಜಿಡ್ಡು ತೆಗೆಯೋಕೆ ಇವತ್ತಿಗೂ ನನಗೆ ಇದಕ್ಕಿಂತ ಒಳ್ಳೇದು ಗೊತ್ತಿಲ್ಲ. ಹಳೇ ಮೈಸೂರು ಕಡೆ ಸೀಗೆಪುಡಿ ಜೊತೆ ಚಿಗರೆಪುಡಿ (ಒಂದು ಮರದ ಎಲೆಯ ಪುಡಿ) ಸೇರಿಸ್ತಾರೆ, ತಲೆಗೆ ತಂಪು ಅಂತ. ದೊಡ್ಡೋರು ಮೈಗೂ ಬಳಸ್ಬಹುದು, ಪುಡಿ ಮಾತ್ರ ನುಣ್ಣಗೆ ಜರಡಿ ಹಿಡಿದಿರಲಿ, ಮೊದಲು ಮೊಣಕೈ ಒಳಮಗ್ಗುಲಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಕಣ್ಣಿಗೆ ಬಿದ್ರೆ ತುಂಬಾ ಉರಿಯುತ್ತೆ, ನೀರು ಹುಯ್ತಾನೇ ಇರ್ಬೇಕು. ಪುಡಿಗೆ ನಿಂಬೆರಸ ಹಿಂಡೋ ಅಭ್ಯಾಸ ಕೆಲವರಿಗಿದೆ, ಅದನ್ನ ಹಚ್ಕೊಂಡು ಬಿಸಿಲಿಗೆ ಹೋದ್ರೆ ಚರ್ಮ ಸುಟ್ಟಂಗೆ ಕಪ್ಪು ಕಲೆ ಬೀಳುತ್ತೆ, ಬೇಡ. ನೆನೆಸಿದ ಅಂಟುವಾಳದ ನೀರು ಬೇಗ ಕೆಡುತ್ತೆ, ಅವತ್ತಿಂದು ಅವತ್ತೇ ಖರ್ಚು ಮಾಡಿ. ಉಳಿದ್ರೆ ರೇಷ್ಮೆ ಸೀರೆ, ಬೆಳ್ಳಿ ಸಾಮಾನು ತೊಳೆಯೋಕೆ ಆಗುತ್ತೆ.