ಪಕ್ಕದ ಮನೆಯ 16ರ ಹುಡುಗಿಗೆ ಮುಂದಿನ ವಾರ ಮದುವೆ. ಮೊದಲು ಅಪ್ಪ ಅಮ್ಮನಿಗೆ ಬುದ್ಧಿ ಹೇಳಬೇಕಾ, ಇಲಾಖೆಗೆ ತಿಳಿಸಬೇಕಾ?

ಬುದ್ಧಿ ಹೇಳೋಕೆ ಹೋಗಬೇಡಿ. ನಾನು ಹೋಗಿ ಕೆಟ್ಟೆ.

ಗೌರಿಬಿದನೂರಿನ ಹತ್ತಿರದ ಹಳ್ಳಿಯಲ್ಲಿ ಟೈಲರಿಂಗ್ ಮಾಡುತ್ತೇನೆ. ಒಂದು ಸೋಮವಾರ ಹಿಂದಿನ ಬೀದಿಯ ಅಕ್ಕ ಐದು ಬ್ಲೌಸ್ ಪೀಸ್ ತಂದರು. ಅಳತೆ ಮಗಳದು. ಹತ್ತನೇ ಕ್ಲಾಸ್ ಹುಡುಗಿ, ಅವಳ ಯೂನಿಫಾರ್ಮ್ ಕೂಡ ನಾನೇ ಹೊಲಿದಿದ್ದೆ. "ಒಳಗೆ ಸ್ವಲ್ಪ ಜಾಸ್ತಿ ಬಟ್ಟೆ ಬಿಡಮ್ಮ, ಇನ್ನೂ ಮೈ ತುಂಬಿಕೊಳ್ಳುತ್ತಾಳೆ" ಅಂದರು. ಭಾನುವಾರ ಮುಹೂರ್ತವಂತೆ.

ಸಂಜೆ ಅವರ ಮನೆಗೆ ಹೋದೆ. ಇನ್ನೆರಡು ವರ್ಷ ಓದಲಿ ಅಕ್ಕಾ ಅಂದೆ. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. "ಸಿಡಿಪಿಒ ಮೇಡಂಗೆ (ಇಂಥ ಮದುವೆ ತಡೆಯೋ ಮಹಿಳಾ ಮತ್ತು ಮಕ್ಕಳ ಇಲಾಖೆಯ ಅಧಿಕಾರಿ) ಗೊತ್ತಾದರೆ ಸುಮ್ನೆ ತೊಂದರೆ ಅಲ್ವಾ" ಅಂತ ಒಳ್ಳೆಯ ಮನಸ್ಸಿನಿಂದಲೇ ಸೇರಿಸಿದೆ. ಇಬ್ಬರೂ ತಲೆಯಾಡಿಸಿದರು. ಕಾಫಿ ಕೊಟ್ಟರು. ಒಪ್ಪಿಕೊಂಡರು ಅಂದುಕೊಂಡು ಬಂದು ನೆಮ್ಮದಿಯಾಗಿ ಮಲಗಿದೆ.

ಬುಧವಾರ ಬೆಳಗ್ಗೆ ಅವರ ಮನೆಗೆ ಬೀಗ. ನಮ್ಮಲ್ಲಿ ಗಡಿ ದಾಟಿದರೆ ಹಿಂದೂಪುರ, ಆಂಧ್ರ. ಅರ್ಧ ನಂಟರು ಆ ಕಡೆಯವರೇ. ಅಲ್ಲೇ ಯಾರದೋ ಮನೆಯಲ್ಲಿ ತಾಳಿ ಕಟ್ಟಿಸಿಬಿಟ್ಟರು. ಬ್ಲೌಸ್‌ಗಳು ಇನ್ನೂ ನನ್ನ ಮಷೀನ್ ಮೇಲೆ ಇದ್ದವು.

ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಸೋಮವಾರ ನನ್ನ ಕೈಯಲ್ಲಿ ತಾರೀಕು ಇತ್ತು, ಜಾಗ ಇತ್ತು, ಆರು ದಿನ ಇತ್ತು. ಮದುವೆ ನಿಲ್ಲಿಸುವವರಿಗೆ ಬೇಕಾದ್ದೇ ಇವು. ನಾನು ಬಾಯಿಬಿಟ್ಟ ಕೂಡಲೇ ತಾರೀಕು ಬದಲಾಯಿತು, ಜಾಗವೂ ಬದಲಾಯಿತು, ರಾಜ್ಯವೇ ಬದಲಾಯಿತು. ಅವರಿಗೆ ತಿಳಿವಳಿಕೆ ಹೇಳಿದೆ ಅಂದುಕೊಂಡಿದ್ದೆ. ಹೇಳಿದ್ದು "ಬೇಗ ಮುಗಿಸಿ" ಅಂತ.

ಎರಡು ವರ್ಷದ ಮೇಲೆ ಇನ್ನೊಂದು ಹುಡುಗಿಯ ಬ್ಲೌಸ್ ಬಂತು. ಈ ಸಲ ತುಟಿ ಬಿಚ್ಚದೆ ಅಳತೆ ತೆಗೆದುಕೊಂಡು, ಅವರು ಹೋದ ಮೇಲೆ 1098ಕ್ಕೆ ಫೋನ್ ಮಾಡಿದೆ. ಮಕ್ಕಳ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತದೆ, ದುಡ್ಡು ಹೋಗಲ್ಲ. ನನ್ನ ಹೆಸರು ಹೇಳಲಿಲ್ಲ, ಅವರೂ ಒತ್ತಾಯ ಮಾಡಲಿಲ್ಲ. ಹುಡುಗಿಯ ಹೆಸರು, ಶಾಲೆ, ಅಪ್ಪನ ಹೆಸರು, ಮುಹೂರ್ತ, ಜಾಗ ಕೇಳಿದರು. ಮಾರನೇ ದಿನ ಮಹಿಳಾ ಮತ್ತು ಮಕ್ಕಳ ಇಲಾಖೆಯವರು ಪೊಲೀಸರ ಜೊತೆ ಬಂದರು. ಶಾಲೆಯ ದಾಖಲೆಯಲ್ಲಿ ವಯಸ್ಸು ನೋಡಿದರು. ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡರು. ಬಾಲಮಂದಿರಕ್ಕೆ ಹಾಕಿಬಿಡುತ್ತಾರೆ ಅಂತ ಊರಲ್ಲಿ ಹೆದರಿಸುತ್ತಿದ್ದರಲ್ಲ, ಈ ಹುಡುಗಿ ಮನೆಯಲ್ಲೇ ಉಳಿದಳು. ಪಿಯುಸಿ ಮುಗಿಸಿದಳು.

ಪಕ್ಕದ ಮನೆಯವರ ಜೊತೆ ಸಂಬಂಧ ಕೆಡುತ್ತದೆ ಅನ್ನೋ ಯೋಚನೆ ನಿಮಗಿರಬಹುದು. ಕೆಡಲಿ ಬಿಡಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಇಂಥ ಮದುವೆ ಮಾಡಿಸಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ. ಗೊತ್ತಿದ್ದೂ ಊಟಕ್ಕೆ ಹೋಗಿ ಕೂತವರೂ ಸಿಕ್ಕಿಬೀಳಬಹುದು. ಲಗ್ನಪತ್ರಿಕೆ ನಿಮ್ಮ ಮನೆಗೂ ಬಂದಿರುತ್ತದೆ ಅಲ್ವಾ? ಅದನ್ನು ಎದುರಿಗೆ ಇಟ್ಟುಕೊಂಡೇ ಫೋನ್ ಮಾಡಿ. ಶಾಲೆ ಒಂದು ಬಿಟ್ಟು ಅವರು ಕೇಳುವುದೆಲ್ಲ ಅದರಲ್ಲೇ ಅಚ್ಚಾಗಿರುತ್ತದೆ.