ಇಬ್ಬರೂ ಬದುಕಿ ಮೇಲೆ ಬಂದರು, ಆದರೂ ಅದು ಅಪರಾಧವೇ

ಓದುಗರೊಬ್ಬರ ಪತ್ರದ ಸಾರಾಂಶ ಹೀಗಿದೆ. ಐದು ವಾರದ ಹಿಂದೆ ಅವರ ಬಡಾವಣೆಯ ಮನೆಯೊಂದರಲ್ಲಿ ಮಲದ ಗುಂಡಿ ತುಂಬಿತ್ತು. ಸಕಿಂಗ್ ಗಾಡಿ ಬಂದು ಮೇಲಿನ ನೀರನ್ನು ಎಳೆದುಕೊಂಡು ಹೋಯಿತು. ತಳದಲ್ಲಿ ಉಳಿದ ಗಟ್ಟಿ ಕೆಸರು ಎತ್ತಲು ಇಬ್ಬರ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದರು. ಮೂಗಿಗೆ ಟವೆಲ್, ಕೈಯಲ್ಲಿ ಬಕೆಟ್. ಬೀಟ್ ಪೊಲೀಸರು ಬೈಕಿನಲ್ಲಿ ಹಾದುಹೋದರು, ವಾರ್ಡಿನ ಮಾಜಿ ಸದಸ್ಯರು ಪಕ್ಕದಲ್ಲೇ ನಿಂತಿದ್ದರು. ಯಾರೂ ತಡೆಯಲಿಲ್ಲ. ಇಬ್ಬರೂ ಮೇಲೆ ಬಂದು ಕೈಕಾಲು ತೊಳೆದುಕೊಂಡು ಹೋದರು. ‘ಕಾಯ್ದೆ ಬಂದು ಇಷ್ಟು ವರ್ಷವಾದರೂ ಅದು ನಮ್ಮ ಬೀದಿಗೆ ಯಾಕೆ ಬರಲಿಲ್ಲ? ಫೋಟೊ ತೆಗೆದಿಟ್ಟಿದ್ದೇನೆ. ಯಾರೂ ಸಾಯಲಿಲ್ಲವಲ್ಲ, ದೂರು ಕೊಟ್ಟರೆ ಅದು ಕಾನೂನಿನ ಮುಂದೆ ನಿಲ್ಲುತ್ತದೆಯೇ?’ ಎಂದು ಕೇಳಿದ್ದಾರೆ.

ನಿಲ್ಲುತ್ತದೆ. ಕೈಯಿಂದ ಮಲ ಬಾಚುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಕಲಂ 7 ಸಾವಿನ ಮಾತನ್ನೇ ಆಡುವುದಿಲ್ಲ. ಒಳಚರಂಡಿಗಾಗಲಿ ಸೆಪ್ಟಿಕ್ ಟ್ಯಾಂಕಿಗಾಗಲಿ ‘ಅಪಾಯಕಾರಿ ಶುಚಿಗೊಳಿಸುವಿಕೆ’ಗೆ ಯಾರನ್ನೂ ನೇರವಾಗಿಯೋ ಪರೋಕ್ಷವಾಗಿಯೋ ನೇಮಿಸುವಂತಿಲ್ಲ ಎನ್ನುತ್ತದೆ, ಅಷ್ಟೆ. ರಕ್ಷಣಾ ಸಾಧನ ಕೊಡದೆ, ಯಂತ್ರ ಒದಗಿಸದೆ, ಸುರಕ್ಷತಾ ಕ್ರಮ ಪಾಲಿಸದೆ ಕೈಯಿಂದ ಶುಚಿಗೊಳಿಸುವುದೇ ‘ಅಪಾಯಕಾರಿ’. ಇಬ್ಬರೂ ಟವೆಲ್ ಸುತ್ತಿಕೊಂಡು ಮೊದಲ ಮೆಟ್ಟಿಲು ಇಳಿದಾಗಲೇ ಅಪರಾಧ ಆಗಿಹೋಯಿತು. ಕಲಂ 9ರ ಪ್ರಕಾರ ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು, ಅಥವಾ 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು, ಜಾಮೀನು ಹಕ್ಕಿನಿಂದ ಸಿಗುವುದಿಲ್ಲ. ‘ಅವನೇ ಒಪ್ಪಿ ಇಳಿದ’ ಎಂಬ ಸಮಜಾಯಿಷಿಗೆ ಇಲ್ಲಿ ಜಾಗವಿಲ್ಲ.

ಇಷ್ಟು ಕಟುವಾದ ಕಾನೂನು ಬೀದಿಗೆ ಯಾಕೆ ಬರುವುದಿಲ್ಲ? ಕೇಸು ಹಾಕಬೇಕಾದವರೇ ಬಹಳ ಸಲ ಕೆಲಸಕ್ಕೆ ಇಳಿಸಿದವರೂ ಆಗಿರುತ್ತಾರೆ, ಮುಖ್ಯ ಕಾರಣ ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಊರಿನ ಒಳಚರಂಡಿ (ಯುಜಿಡಿ) ನಗರಸಭೆಯದು. ಅದರ ನಿರ್ವಹಣೆಯ ಗುತ್ತಿಗೆ ಕೊಡುವುದು ಅದೇ ನಗರಸಭೆ. ಗುತ್ತಿಗೆದಾರ ಕೆಲಸವನ್ನು ಉಪಗುತ್ತಿಗೆಗೆ ಬಿಡುತ್ತಾನೆ, ಅವನು ಮೇಸ್ತ್ರಿಗೆ ಹೇಳುತ್ತಾನೆ, ಮೇಸ್ತ್ರಿ ದಿನಗೂಲಿಗೆ ಇಬ್ಬರನ್ನು ಕರೆತರುತ್ತಾನೆ. ಟೆಂಡರ್ ಕಾಗದದಲ್ಲಿ ‘ಸುರಕ್ಷತೆಯ ಹೊಣೆ ಗುತ್ತಿಗೆದಾರನದು’ ಎಂಬ ಸಾಲೊಂದು ಇರುತ್ತದೆ. ಆ ಸಾಲು ನಗರಸಭೆಯನ್ನು ಉಳಿಸದಿರಲೆಂದೇ ಕಾಯ್ದೆ ‘ಪರೋಕ್ಷವಾಗಿ’ ಎಂಬ ಪದ ಬಳಸಿದೆ. ಆದರೆ ಆ ಪದವನ್ನು ದೂರಿನಲ್ಲಿ ಬರೆಯಬೇಕಾದ ಅಧಿಕಾರಿ ಕೂತಿರುವುದು ಅದೇ ಕಟ್ಟಡದಲ್ಲಿ. ಖಾಸಗಿ ಮನೆಯ ಗುಂಡಿಯ ವಿಷಯದಲ್ಲಿ ಈ ಅಡ್ಡಿ ಇಲ್ಲ. ಹಾಗಾಗಿಯೇ ನಿಮ್ಮ ದೂರಿಗೆ ಬಲ ಹೆಚ್ಚು.

ಈ ರೋಗ ಹೊಸದಲ್ಲ. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ 1970ರ ದಶಕದಲ್ಲೇ, ದೇವರಾಜ ಅರಸು ಸರ್ಕಾರದಲ್ಲಿ ಬಿ. ಬಸವಲಿಂಗಪ್ಪ ಸಚಿವರಾಗಿದ್ದಾಗ ನಿಷೇಧಿಸಲಾಯಿತು. 1993ರಲ್ಲಿ ಕೇಂದ್ರದ ಕಾಯ್ದೆ ಬಂತು, ಅದು ಜಾರಿಯಾದದ್ದು 1997ರ ಜನವರಿಯಲ್ಲಿ. ಅದರಲ್ಲಿ ಒಂದು ಷರತ್ತಿತ್ತು: ಸರ್ಕಾರ ನೇಮಿಸಿದ ಕಾರ್ಯನಿರ್ವಾಹಕ ಅಧಿಕಾರಿ ಹೂಡಿದರೆ ಅಥವಾ ಮೊದಲೇ ಅನುಮತಿ ಕೊಟ್ಟರೆ ಮಾತ್ರ ಮೊಕದ್ದಮೆ. ತನ್ನ ವ್ಯಾಪ್ತಿಯಲ್ಲಿ ಈ ಕೆಲಸ ನಡೆಯುತ್ತಿದೆ ಎಂದು ಬರೆದುಕೊಟ್ಟರೆ ಅದು ಆ ಅಧಿಕಾರಿಯದೇ ತಪ್ಪೊಪ್ಪಿಗೆ. ಹೀಗಿದ್ದಾಗ ಯಾರು ಬರೆದಾರು? ಆ ಕಾಯ್ದೆ ಜಾರಿಯಲ್ಲಿದ್ದಾಗಲೇ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಇರುವ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ ಮೈಮೇಲೆ ಮಲ ಸುರಿದುಕೊಂಡರು. ಆ ಫೋಟೊಗಳನ್ನು ನಾಡೆಲ್ಲ ನೋಡಿತು.

2013ರ ಕಾಯ್ದೆ ಅನುಮತಿಯ ಷರತ್ತನ್ನು ತೆಗೆದುಹಾಕಿತು. ಆದರೆ ಕಲಂ 10ರಲ್ಲಿ ಬೇರೊಂದು ಬಾಗಿಲು ಹಾಕಿತು: ಘಟನೆ ನಡೆದ ಮೂರು ತಿಂಗಳೊಳಗೆ ದೂರು ಬರದಿದ್ದರೆ ನ್ಯಾಯಾಲಯ ಅಪರಾಧವನ್ನು ಪರಿಗಣನೆಗೆ ತೆಗೆದುಕೊಳ್ಳುವಂತಿಲ್ಲ. ಸತ್ತವನ ಹೆಂಡತಿ ಮರಣೋತ್ತರ ವರದಿಗಾಗಿ ಓಡಾಡುವಷ್ಟರಲ್ಲಿ ಆ ಮೂರು ತಿಂಗಳು ಕಳೆದುಹೋಗುತ್ತದೆ. ಮನೆಮಾಲೀಕನೋ ಗುತ್ತಿಗೆದಾರನೋ ಒಂದಿಷ್ಟು ಹಣ ಕೊಟ್ಟು ‘ರಾಜಿ’ ಮಾಡಿಸುವುದೂ ಇದೇ ಅವಧಿಯಲ್ಲೇ.

ಇನ್ನು ಠಾಣೆಯಲ್ಲಿ ನಡೆಯುವುದನ್ನು ನೋಡಿ. ಸಾವಾದಾಗ ಎಫ್‌ಐಆರ್ ದಾಖಲಾಗುವುದು ಹೆಚ್ಚಾಗಿ ನಿರ್ಲಕ್ಷ್ಯದಿಂದಾದ ಸಾವು ಎಂಬ ಕಲಮಿನಡಿ, ಅಂದರೆ ಹಿಂದಿನ ಐಪಿಸಿ 304ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 106. ಅದು ಜಾಮೀನು ಸಿಗುವ ಅಪರಾಧ. 2013ರ ಕಾಯ್ದೆಯ ಹೆಸರು ಎಫ್‌ಐಆರ್‌ನಲ್ಲಿ ಬಾರದಿದ್ದರೆ ಅದು ‘ಆಕಸ್ಮಿಕ’ದ ಲೆಕ್ಕಕ್ಕೆ ಸೇರುತ್ತದೆ. ಇಳಿದವರು ಪರಿಶಿಷ್ಟ ಜಾತಿಯವರಾಗಿದ್ದರೆ (ನಮ್ಮ ದೇಶದಲ್ಲಿ ಬಹುಪಾಲು ಅವರೇ) ದೌರ್ಜನ್ಯ ತಡೆ ಕಾಯ್ದೆಯ ಕಲಂ 3(1)(ಜೆ) ಕೂಡ ಸೇರಿಸುವಂತೆ ದೂರಿನಲ್ಲೇ ಕೇಳಬೇಕು. 2016ರ ಜನವರಿಯಿಂದ ಜಾರಿಯಲ್ಲಿರುವ ಈ ಕಲಂ, ಪರಿಶಿಷ್ಟರನ್ನು ಮಲ ಬಾಚುವ ಕೆಲಸಕ್ಕೆ ಹಚ್ಚುವುದನ್ನೇ ದೌರ್ಜನ್ಯ ಎನ್ನುತ್ತದೆ.

ಲೆಕ್ಕದಲ್ಲೂ ಒಂದು ಜಾಣತನವಿದೆ. ‘ಮ್ಯಾನ್ಯುಯಲ್ ಸ್ಕ್ಯಾವೆಂಜಿಂಗ್‌ನಿಂದ (ಕೈಯಿಂದ ಮಲ ಬಾಚುವುದರಿಂದ) ಸಾವು ವರದಿಯಾಗಿಲ್ಲ’ ಎಂದು ಸಂಸತ್ತಿನಲ್ಲಿ ಉತ್ತರ ಬರುತ್ತದೆ. ಅದೇ ಸರ್ಕಾರ 2019ರಿಂದ 2023ರವರೆಗೆ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್‌ಗಳ ಅಪಾಯಕಾರಿ ಶುಚಿಗೊಳಿಸುವಿಕೆಯಲ್ಲಿ 377 ಮಂದಿ ಸತ್ತರೆಂದೂ ಹೇಳಿದೆ. ನೀರಿಲ್ಲದ ಒಣ ಪಾಯಿಖಾನೆಯ ಮಲ ಬಾಚುವುದು ಲೆಕ್ಕದ ಒಂದು ಕಾಲಂ, ಗುಂಡಿಗೆ ಇಳಿಯುವುದು ಇನ್ನೊಂದು. ಮೊದಲನೆಯದು ಸೊನ್ನೆ ಎಂದು ಜಿಲ್ಲೆ ಘೋಷಿಸಿಕೊಂಡರೆ ಎರಡನೆಯದರ ಬಗ್ಗೆ ಯಾರೂ ಕೇಳುವುದಿಲ್ಲ. 2022 ಮತ್ತು 2023ರ ಸಾವುಗಳ ಪೈಕಿ 54ನ್ನು ಸರ್ಕಾರವೇ ಸಾಮಾಜಿಕ ಲೆಕ್ಕಪರಿಶೋಧನೆಗೆ ಒಳಪಡಿಸಿದಾಗ, 49 ಮಂದಿಗೆ ಯಾವ ರಕ್ಷಣಾ ಸಾಧನವೂ ಇರಲಿಲ್ಲ.

ಟವೆಲ್ ಯಾಕೆ ಸಾಲದು ಎಂಬುದನ್ನು ನಿಮ್ಮ ಬೀದಿಯವರಿಗೆಲ್ಲ ತಿಳಿಸಬೇಕು. ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ. ದಶಲಕ್ಷಕ್ಕೆ ನೂರು ಭಾಗದಷ್ಟಾದಾಗ ಮೂಗಿನ ನರ ಮರಗಟ್ಟುತ್ತದೆ, ವಾಸನೆಯೇ ಇಲ್ಲವಾಗುತ್ತದೆ. ‘ವಾಸನೆ ಹೋಯ್ತು, ಇಳೀಬಹುದು’ ಎನ್ನುವುದು ಅದಕ್ಕೇ ಮಾರಕ. ಐನೂರು ದಾಟಿದರೆ ಕುಸಿದು ಬೀಳುತ್ತಾರೆ, ಸಾವಿರದ ಹತ್ತಿರ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪುತ್ತದೆ. ಅನಿಲದ ಬಹುಪಾಲು ಕೆಸರಿನೊಳಗೇ ಸಿಕ್ಕಿಕೊಂಡಿರುತ್ತದೆ. ಇಳಿದ ಮೊದಲ ನಿಮಿಷ ಏನೂ ಆಗುವುದಿಲ್ಲ, ಸನಿಕೆ ಹಾಕಿ ಕಲಕಿದ ಕೂಡಲೇ ಭುಗ್ಗನೆ ಏಳುತ್ತದೆ. ಬಿದ್ದವನನ್ನು ಎತ್ತಲು ಇನ್ನೊಬ್ಬ ಧುಮುಕುತ್ತಾನೆ, ಅವನ ಹಿಂದೆ ಅಣ್ಣನೋ ಮಗನೋ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸಾಯುವುದು ಹೀಗೆ. ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆಯಂತೂ ಬೇಡವೇ ಬೇಡ: ಅದು ಈ ವಿಷಾನಿಲವನ್ನು ತೋರಿಸುವುದಿಲ್ಲ, ಮೀಥೇನ್ ಇದ್ದರೆ ಸ್ಫೋಟವಾಗುತ್ತದೆ. ಇಳಿಯಲೇಬೇಕಾದ ಅಪರೂಪದ ಸಂದರ್ಭಕ್ಕೆ ನಿಯಮಗಳು ಕೇಳುವುದು ಅನಿಲ ಮಾಪಕ, ಗಾಳಿ ಊದುವ ಬ್ಲೋವರ್, ಹೊರಗಿನ ಗಾಳಿ ಪೂರೈಸುವ ಉಸಿರಾಟದ ಉಪಕರಣ, ಮೇಲೆತ್ತಲು ಮುಕ್ಕಾಲಿ (ಟ್ರೈಪಾಡ್) ಮತ್ತು ಬೆಲ್ಟು, ಮೇಲ್ವಿಚಾರಕ ಸೇರಿ ಕನಿಷ್ಠ ಮೂವರು. ಸೊಂಟದ ಹಗ್ಗ ಬೆಲ್ಟಲ್ಲ. ಪ್ರಜ್ಞೆ ತಪ್ಪಿದವನನ್ನು ಅದರಲ್ಲಿ ಎಳೆದರೆ ಮೈ ಮಡಚಿಕೊಂಡು ಕಿರಿದಾದ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ನಿಮ್ಮ ಪತ್ರದ ಒಂದು ಸಾಲಿನಲ್ಲಿ ಇಡೀ ಸಮಸ್ಯೆಯ ಬೇರು ಇದೆ: ಗಾಡಿ ಬಂದು ನೀರೆಳೆದುಕೊಂಡು ಹೋಯಿತು. ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಬೇಕಾದ ಟ್ಯಾಂಕನ್ನು ನಾವು ಹತ್ತು ಹದಿನೈದು ವರ್ಷ ಮುಚ್ಚಿಡುತ್ತೇವೆ. ತಳದ ಕೆಸರು ಮರಳು, ಬಟ್ಟೆ, ಪ್ಯಾಡು ಸೇರಿ ಗಾರೆಯಂತಾಗುತ್ತದೆ. ಪೈಪು ಮೇಲಿನದನ್ನಷ್ಟೇ ಎಳೆಯುತ್ತದೆ. ಗಾಡಿಯವನಿಗೆ ಲೋಡಿನ ಲೆಕ್ಕದಲ್ಲಿ ದುಡ್ಡು, ಕಾಯುವುದಕ್ಕಲ್ಲ. ಆಗ ಮನೆಯವರು ‘ಪೂರ್ತಿ ಕ್ಲೀನ್ ಮಾಡಿ’ ಎನ್ನುತ್ತಾರೆ, ಮನುಷ್ಯ ಇಳಿಯುತ್ತಾನೆ. ಪೂರ್ತಿ ಬಳಿಯುವ ಅಗತ್ಯವೇ ಇಲ್ಲ. ತಳದಲ್ಲಿ ತುಸು ಕೆಸರು ಉಳಿಯಲೇಬೇಕು, ಮತ್ತೆ ಕೊಳೆಯಿಸುವ ಬ್ಯಾಕ್ಟೀರಿಯಾ ಇರುವುದು ಅದರಲ್ಲೇ. ಗಟ್ಟಿಯಾಗಿದ್ದರೆ ಮೊದಲ ಲೋಡಿನ ನಂತರ ನೀರು ಬಿಟ್ಟು, ಮೇಲಿನಿಂದಲೇ ಜೆಟ್ ಪೈಪಿನಲ್ಲಿ ಹೊಡೆದು ಸಡಿಲಿಸಿ ಮತ್ತೆ ಎಳೆಸಬೇಕು. ಎರಡು ಲೋಡಿನ ಬದಲು ಮೂರು ನಾಲ್ಕಾಗಬಹುದು. ಆ ಹೆಚ್ಚುವರಿ ಲೋಡಿನ ದುಡ್ಡು ಉಳಿಸಲೆಂದೇ ಮನುಷ್ಯನನ್ನು ಇಳಿಸುವುದು. ಗಾಡಿಗೆ ಫೋನ್ ಮಾಡುವಾಗಲೇ ಜೆಟ್ ಇದೆಯೇ, ಪೈಪು ಎಷ್ಟು ಉದ್ದ, ಎಷ್ಟು ಆಳದ ಗುಂಡಿಯಿಂದ ಎಳೆಯುತ್ತದೆ, ತ್ಯಾಜ್ಯ ಎಲ್ಲಿ ಸುರಿಯುತ್ತೀರಿ ಎಂದು ಕೇಳಿ. ಯಾರೂ ಇಳಿಯಬಾರದು ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ. ಸುರಿಯಲು ಜಾಗವಿಲ್ಲ ಎಂಬುದು ಅನೇಕ ಊರುಗಳಲ್ಲಿ ನಿಜವಾದ ಕಷ್ಟ; ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದಂಥ ಮಲ ಸಂಸ್ಕರಣಾ ಘಟಕ ಪ್ರತಿ ತಾಲ್ಲೂಕಿಗೂ ಬೇಕು.

ಈಗ ನಿಮ್ಮ ಫೋಟೊಗಳ ವಿಷಯ. ಮೊದಲು ಆ ಇಬ್ಬರನ್ನು ಹುಡುಕಿ ಮಾತಾಡಿ. ಅವರು ಆರೋಪಿಗಳಲ್ಲ, ಇಳಿಸಿದವರು ಆರೋಪಿಗಳು ಎಂದು ಅವರಿಗೆ ಗೊತ್ತಿರುವುದಿಲ್ಲ. ಕೂಲಿ ತಪ್ಪುತ್ತದೆ ಎಂಬ ಹೆದರಿಕೆಯೂ ಇರುತ್ತದೆ. ಅವರ ಮುಖ ಕಾಣುವ ಫೋಟೊ ಎಲ್ಲೂ ಹಂಚಬೇಡಿ. ಮೂಲ ಫೈಲನ್ನು ಅಳಿಸದೆ ಇಡಿ, ತೆಗೆದ ದಿನಾಂಕ ಸಮಯ ಅದರೊಳಗೇ ಇರುತ್ತದೆ. ದೂರಿನಲ್ಲಿ ದಿನ, ಗಂಟೆ, ವಿಳಾಸ, ಗಾಡಿಯ ನಂಬರು, ಯಾರು ಕರೆಸಿದರು, ಮೈಮೇಲೆ ಏನೇನು ಇರಲಿಲ್ಲ ಎಂಬುದು ಇರಲಿ. 2013ರ ಕಾಯ್ದೆ ಕಲಂ 7 ಮತ್ತು 9 ಎಂದು ಸ್ಪಷ್ಟವಾಗಿ ಬರೆಯಿರಿ. ಠಾಣೆಯಲ್ಲಿ ಸ್ವೀಕೃತಿ ಪಡೆಯಿರಿ. ತೆಗೆದುಕೊಳ್ಳದಿದ್ದರೆ ಅದನ್ನೇ ಸ್ಪೀಡ್ ಪೋಸ್ಟ್‌ನಲ್ಲಿ ಎಸ್‌ಪಿಗೆ ಕಳಿಸಿ, ಅಲ್ಲೂ ಕದಲದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು. ಪ್ರತಿಗಳು ಜಿಲ್ಲಾಧಿಕಾರಿಗೆ (ಕಲಂ 24ರ ಜಾಗೃತಿ ಸಮಿತಿಯ ಅಧ್ಯಕ್ಷರು ಅವರೇ) ಮತ್ತು ರಾಜ್ಯ ಸಫಾಯಿ ಕರ್ಮಚಾರಿ ಆಯೋಗಕ್ಕೆ ಹೋಗಲಿ. ಸಮಿತಿಯ ಕೊನೆಯ ಸಭೆ ಯಾವಾಗ ನಡೆಯಿತು, ನಡಾವಳಿ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿಯನ್ನೂ ಹಾಕಿ. ಎಷ್ಟೋ ಕಡೆ ಆ ಅರ್ಜಿ ಬಂದ ಮೇಲೆಯೇ ಸಭೆ ಕರೆಯುತ್ತಾರೆ.

ಮುಂದೆಂದಾದರೂ ಸಾವೇ ಆದರೆ, 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿ ಸಾವಿಗೆ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿದೆ ಎಂಬುದು ಆ ಮನೆಯವರಿಗೆ ರಾಜಿ ಕಾಗದಕ್ಕೆ ಸಹಿ ಹಾಕುವ ಮೊದಲೇ ತಿಳಿದಿರಬೇಕು.

ನೀವು ಹೇಳಿದ ದಿನದಿಂದ ಐದು ವಾರ ಕಳೆದಿದೆ. ಕಲಂ 10ರ ಮೂರು ತಿಂಗಳಲ್ಲಿ ಇನ್ನು ಎಂಟು ವಾರದಷ್ಟು ಉಳಿದಿದೆ. ಠಾಣೆಯವರು ‘ನಾಳೆ ಬನ್ನಿ’ ಎಂದರೆ ಎರಡು ವಾರಕ್ಕಿಂತ ಹೆಚ್ಚು ಕಾಯದೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ.

— ಸಂಪಾದಕ