ವಾಸ್ತವ, ಸತ್ಯ, ನಿಜ: ಯಾವುದು ಎಲ್ಲಿ?

ಪ್ರಶ್ನೆ: ನಿಘಂಟಿನಲ್ಲಿ ವಾಸ್ತವ ಅಂದರೆ ನಿಜ, ನಿಜ ಅಂದರೆ ಸತ್ಯ, ಸತ್ಯ ಅಂದರೆ ವಾಸ್ತವ ಎಂದೇ ಇರುತ್ತದೆ. ಹಾಗಾದರೆ ಮೂರೂ ಒಂದೇ ಅಲ್ವಾ?

ಉತ್ತರ: ಅಕ್ಕಪಕ್ಕದ ಪದಗಳು ಹೌದು, ಒಂದೇ ಅಲ್ಲ. ಅವುಗಳ ವಿರುದ್ಧ ಪದ ಯಾವುದು ಅಂತ ಕೇಳಿಕೊಳ್ಳಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಸತ್ಯಕ್ಕೆ ಎದುರು ನಿಲ್ಲುವುದು ಸುಳ್ಳು. ವಾಸ್ತವಕ್ಕೆ ಎದುರು ನಿಲ್ಲುವುದು ಕಲ್ಪನೆ, ಕನಸು, ಭ್ರಮೆ ಇಂಥವು. ಸುಳ್ಳು ಹೇಳೋದಕ್ಕೆ ಒಬ್ಬ ಮನುಷ್ಯ ಬೇಕು, ಅದನ್ನು ಕೇಳಿಸಿಕೊಳ್ಳುವ ಇನ್ನೊಬ್ಬ ಬೇಕು. ದಿನನಿತ್ಯದ ಬಳಕೆಯಲ್ಲಿ ಸತ್ಯವೂ ಹಾಗೇ, ಅದು ಮಾತಿಗೆ ಸೇರಿದ್ದು. ಹರಿಶ್ಚಂದ್ರನನ್ನು ನಾವು ಸತ್ಯ ಹರಿಶ್ಚಂದ್ರ ಅನ್ನುವುದು ಅವನು ಆಡಿದ ಮಾತಿಗೆ ತಪ್ಪಲಿಲ್ಲ ಎಂಬ ಕಾರಣಕ್ಕೆ.

ವಾಸ್ತವಕ್ಕೆ ಯಾರ ಮಾತೂ ಬೇಡ. 'ವಸ್ತು' ಎಂಬ ಪದದಿಂದಲೇ 'ವಾಸ್ತವ' ಬಂದಿದೆ, ಅಂದರೆ ವಸ್ತುವಿಗೆ ಸಂಬಂಧಪಟ್ಟದ್ದು, ಯಾರು ಏನೇ ಅಂದರೂ ಅಲ್ಲಿ ಇರುವಂಥದ್ದು. (ಇಂಗ್ಲಿಷಿನ ರಿಯಾಲಿಟಿ ಕೂಡ ವಸ್ತು ಎಂಬ ಅರ್ಥದ 'ರೆಸ್' ಅನ್ನೋ ಲ್ಯಾಟಿನ್ ಪದದಿಂದಲೇ ಬೆಳೆದದ್ದು. ಎರಡು ಭಾಷೆಗಳು ಬೇರೆ ಬೇರೆಯಾಗಿ ಒಂದೇ ದಾರಿ ಹಿಡಿದಿವೆ ಅಂದಾಗ ನನಗೆ ಈಗಲೂ ಖುಷಿಯಾಗುತ್ತದೆ.) 1633ರಲ್ಲಿ ರೋಮಿನ ಧರ್ಮನ್ಯಾಯಾಲಯ ಗೆಲಿಲಿಯೋನಿಂದ, ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬ ತನ್ನ ನಿಲುವನ್ನು ಬಿಡುತ್ತೇನೆ ಅಂತ ಬಲವಂತವಾಗಿ ಹೇಳಿಸಿತು. ಅಂದು ಅವನ ಬಾಯಿಂದ ಬಂದದ್ದು ಸತ್ಯವಲ್ಲ. ಭೂಮಿ ಮಾತ್ರ ತಿರುಗುತ್ತಲೇ ಇತ್ತು, ಅದು ವಾಸ್ತವ. ಈ ಎರಡರ ನಡುವಿನ ಅಂತರ ಇಷ್ಟು ಸ್ಪಷ್ಟವಾಗಿ ಕಾಣುವ ಇನ್ನೊಂದು ಸಂದರ್ಭ ನನಗೆ ಹೊಳೆಯುತ್ತಿಲ್ಲ.

ಇನ್ನು ನಿಜ. ಸಂಸ್ಕೃತದಲ್ಲಿ ಇದಕ್ಕೆ 'ತನ್ನದು', 'ತನ್ನ ಜೊತೆಗೇ ಹುಟ್ಟಿ ಬಂದದ್ದು' ಎಂಬ ಅರ್ಥ. ಹಿಂದಿಯಲ್ಲಿ ಖಾಸಗಿ ಎನ್ನಲು 'ನಿಜೀ' ಅನ್ನುವುದು ಇದರಿಂದಲೇ. ಕನ್ನಡದಲ್ಲೂ 'ನಿಜನಾಮ', 'ನಿಜರೂಪ' ಅನ್ನುವಾಗ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಉಳಿದ ಕಡೆ ಅದು ನಮ್ಮ ಬಾಯಿಗೆ ಎಷ್ಟು ಒಗ್ಗಿದೆ ಅಂದರೆ, ಯಾರಾದರೂ ಸರಿಯಾದ ಮಾತು ಹೇಳಿದರೆ ನಾವು 'ನಿಜ, ನಿಜ' ಅಂತ ತಲೆಯಾಡಿಸುತ್ತೇವೆ. ಅಲ್ಲಿ 'ವಾಸ್ತವ, ವಾಸ್ತವ' ಅಂತ ಹೇಳಿ ನೋಡಿ, ನಾಲಿಗೆಯೇ ಒಪ್ಪುವುದಿಲ್ಲ.

ಪ್ರಶ್ನೆ: 'ವಾಸ್ತವ್ಯ' ಮತ್ತು 'ವಾಸ್ತವ' ಎರಡೂ ಸರಿಯೇ?

ಉತ್ತರ: ಎರಡೂ ಸರಿ, ಅರ್ಥ ಬೇರೆ. ವಾಸ್ತವ್ಯ ಅಂದರೆ ತಂಗುವುದು, ವಾಸ ಮಾಡುವುದು. 'ಗ್ರಾಮ ವಾಸ್ತವ್ಯ' ಅನ್ನುತ್ತೇವಲ್ಲ, ಅದು. 'ವಾಸ್ತವ್ಯದ ಸಂಗತಿ ಏನೆಂದರೆ' ಅಂತ ಬರೆಯುವುದು ತಪ್ಪು.

ಪ್ರಶ್ನೆ: ಲೇಖನಗಳಲ್ಲಿ ಎರಡು ವಾಕ್ಯಕ್ಕೊಮ್ಮೆ 'ವಾಸ್ತವವಾಗಿ' ಅಂತ ಬರುತ್ತದೆ. ಇದು ಕನ್ನಡದ ರೀತಿಯೇ?

ಉತ್ತರ: ಪದ ಕನ್ನಡದ್ದೇ, ಆ ಚಟ ಇಂಗ್ಲಿಷಿನದು. 'ಆ್ಯಕ್ಚುಯಲಿ' ಇದ್ದ ಕಡೆಯೆಲ್ಲ ಇದನ್ನು ತಂದು ಕೂರಿಸುತ್ತಾರೆ. ಓದುಗರು ನಂಬಿದ್ದು ಒಂದು, ಇರುವುದು ಇನ್ನೊಂದು ಅಂತ ತೋರಿಸಬೇಕಾದಾಗ ಮಾತ್ರ ಅದಕ್ಕೆ ಕೆಲಸ. ಆಗಲೂ 'ಅಸಲಿಗೆ', 'ನಿಜ ಹೇಳಬೇಕೆಂದರೆ' ಇವೆ. ಎಷ್ಟೋ ಕಡೆ ಸುಮ್ನೆ ತೆಗೆದುಹಾಕಿದರೂ ವಾಕ್ಯಕ್ಕೆ ಏನೂ ಆಗುವುದಿಲ್ಲ.

ಪ್ರಶ್ನೆ: ಜಗತ್ತು ಮಿಥ್ಯೆ ಅನ್ನುತ್ತಾರೆ. ಮಿಥ್ಯೆ ಅಂದರೆ ಸುಳ್ಳು. ಹಾಗಾದರೆ ನಮ್ಮ ಕಣ್ಣೆದುರು ಇರುವುದು ಯಾವುದೂ ವಾಸ್ತವವಲ್ಲವೇ?

ಉತ್ತರ: ಮಿಥ್ಯೆಯನ್ನು ಬರೀ ಸುಳ್ಳು ಅಂದುಕೊಂಡದ್ದರಿಂದ ಬಂದ ಗೊಂದಲ ಇದು. ಅದ್ವೈತಿಗಳು ಇರುವಿಕೆಯಲ್ಲಿ ಮೂರು ಹಂತ ಹೇಳುತ್ತಾರೆ. ಮಬ್ಬು ಬೆಳಕಿನಲ್ಲಿ ಹಗ್ಗ ನೋಡಿ ಹಾವು ಅಂತ ಹೆದರಿದಿರಿ. ಆ ಹಾವು ಪ್ರಾತಿಭಾಸಿಕ, ಅಂದರೆ ತೋರಿಕೆಯದು, ದೀಪ ತಂದ ಕೂಡಲೇ ಹೋಗುತ್ತದೆ. ಹಗ್ಗ ವ್ಯಾವಹಾರಿಕ, ದಿನದ ಬದುಕಿಗೆ ಸಾಕಾಗುವಷ್ಟು ನಿಜ. ಎಂದೂ ಅಳಿಯದ್ದು, ಮತ್ತೊಂದು ಅರಿವಿನಿಂದ ಸುಳ್ಳಾಗದ್ದು ಪಾರಮಾರ್ಥಿಕ, ಅದು ಬ್ರಹ್ಮ ಮಾತ್ರ. ಜಗತ್ತು ಮಿಥ್ಯೆ ಅಂದಾಗ, ಅದು ಮೊಲದ ಕೊಂಬಿನ ಹಾಗೆ ಎಲ್ಲೂ ಇಲ್ಲದ್ದು ಎಂದು ಅವರು ಹೇಳುತ್ತಿಲ್ಲ, ಕೊನೆಯ ಮಾತಾಗಿ ನಿಲ್ಲುವುದಿಲ್ಲ ಎನ್ನುತ್ತಿದ್ದಾರೆ. ಮಧ್ವಾಚಾರ್ಯರು ಇದನ್ನು ಪೂರ್ತಿ ತಳ್ಳಿಹಾಕಿ ಜಗತ್ತು ಸತ್ಯವೇ ಅಂದರು. ಇಲ್ಲಿ 'ಸತ್ಯ' ಎಂಬುದು ಮಾತಿನ ಮಟ್ಟ ದಾಟಿ 'ಇರುವುದು' ಎಂಬ ಅರ್ಥಕ್ಕೆ ಹೋಗಿದೆ, ಗಮನಿಸಿ. ಅದರ ಮೂಲದಲ್ಲಿರುವ 'ಸತ್' ಎಂಬುದಕ್ಕೆ ಇರುವಿಕೆ ಎಂದೇ ಅರ್ಥ. ಹಾಗಾಗಿ ತತ್ತ್ವಶಾಸ್ತ್ರ ಓದುವಾಗ ಮೇಲೆ ಹೇಳಿದ ಗೆರೆಯನ್ನು ಸ್ವಲ್ಪ ಸಡಿಲ ಮಾಡಿಕೊಳ್ಳಬೇಕು.

ಪ್ರಶ್ನೆ: ನಾನು ಕೆಲಸ ಬಿಟ್ಟು ಮತ್ತೆ ಓದಬೇಕು ಅಂದಾಗಲೆಲ್ಲ ಮನೆಯವರು 'ವಾಸ್ತವ ಅರ್ಥ ಮಾಡಿಕೋ' ಅನ್ನುತ್ತಾರೆ. ಇದು ಆ ಪದದ ಸರಿಯಾದ ಬಳಕೆಯೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೈಯಲ್ಲಿರುವ ಹಣ, ತೀರಿಸಬೇಕಾದ ಸಾಲ, ನಿಮ್ಮನ್ನು ನಂಬಿರುವವರು, ಓದಿಗೆ ಬೇಕಾದ ವರ್ಷಗಳು, ಇವು ವಾಸ್ತವ. ಯಾರು ಎಣಿಸಿದರೂ ಒಂದೇ ಬರುತ್ತದೆ. 'ಈ ವಯಸ್ಸಿನಲ್ಲಿ ಓದು ತಲೆಗೆ ಹತ್ತಲ್ಲ' ಎನ್ನುವುದು ಅಭಿಪ್ರಾಯ. 'ಜನ ಏನಂತಾರೆ' ಎನ್ನುವುದು ಹೆದರಿಕೆ. ಈ ಎರಡನ್ನೂ ವಾಸ್ತವ ಎಂಬ ಭಾರದ ಪದದಲ್ಲಿ ಸುತ್ತಿ ಕೊಟ್ಟರೆ ಎದುರಿನವರು ಮರುಮಾತಾಡುವ ಹಾಗಿಲ್ಲ, ಅದೇ ನನಗೆ ಜಾಸ್ತಿ ಬೇಸರ ತರಿಸುವ ಸಂಗತಿ. ಮನೆಯವರ ಜೊತೆ ಕುಳಿತು ಅವರ ಮಾತಿನಲ್ಲಿ ಯಾವುದು ಲೆಕ್ಕ, ಯಾವುದು ಊಹೆ ಅಂತ ಬಿಡಿಸಿ ನೋಡಿ. ಲೆಕ್ಕ ನಿಜವಾಗಿಯೂ ಕಷ್ಟವಿದ್ದರೆ ಅದನ್ನು ಒಪ್ಪಿಕೊಳ್ಳಿ. ಊಹೆಗೆ ಅಷ್ಟು ಬೆಲೆ ಕೊಡಬೇಕಿಲ್ಲ.

ಪ್ರಶ್ನೆ: ಖರೆ, ಅಸಲಿ, ದಿಟ ಇವನ್ನು ಬರವಣಿಗೆಯಲ್ಲಿ ಬಳಸಬಹುದೇ?

ಉತ್ತರ: ಧಾರಾಳವಾಗಿ. ಉತ್ತರ ಕರ್ನಾಟಕದ ಬಾಯಲ್ಲಿರುವ ಖರೆ ಮರಾಠಿಯ 'ಖರಾ' ಪದದ ನಂಟಿನದು. ಅಸಲಿ ಅರಬ್ಬಿಯಿಂದ ಬಂದದ್ದು, ಅಲ್ಲಿ ಅದಕ್ಕೆ ಬೇರು ಎಂಬ ಅರ್ಥವಿದೆ. ಸಾಲದ ಅಸಲು ಕೂಡ ಅದೇ. ಅದರ ಎದುರು ನಿಲ್ಲುವುದು ನಕಲಿ, ಆದ್ದರಿಂದ ನೋಟು, ಸಹಿ, ದಾಖಲೆಗಳ ವಿಷಯಕ್ಕೆ ಅಸಲಿಯೇ ಸರಿ. ದಿಟ ಹಳಗನ್ನಡದ ಕಾಲದಿಂದ ಇದೆ, ಈಗ ಹೆಚ್ಚಾಗಿ ಪದ್ಯದಲ್ಲಿ ಕಾಣುತ್ತದೆ. 'ದಿಟವಾಗಿಯೂ' ಅಂತ ಗದ್ಯದಲ್ಲಿ ಬರೆದರೂ ಚೆನ್ನಾಗಿಯೇ ಕೂರುತ್ತದೆ. ನಾನಂತೂ ಬರೆಯುತ್ತೇನೆ.